ಕರಿ ದಾರ

ಕೈಗವಸಿನ ಗಂಟು ಬದಲಾಗಿತ್ತು.

ಭಾಗ್ಯಾ ಮಗುವಿನ ಮೇಲೆ ಬಗ್ಗಿ ಮತ್ತೆ ನೋಡಿದಳು. ಮಲಗುವ ಮುಂಚೆ ಅವಳು ಕಟ್ಟಿದ್ದು ಒಂಟಿ ಗಂಟು. ಈಗ ಎರಡೂ ಮಣಿಕಟ್ಟಿನಲ್ಲಿ ಜೋಡಿ ಗಂಟಿತ್ತು. ಅವಳು ನಿದ್ದೆಯಲ್ಲಿದ್ದಾಗ ಯಾರೋ ಬಿಚ್ಚಿ ನೋಡಿ ಮತ್ತೆ ಕಟ್ಟಿದ್ದರು.

ಇಂದು ಹನ್ನೆರಡನೆಯ ದಿನ. ಮಧ್ಯಾಹ್ನ ಹೆಸರಿಡುವ ಕಾರ್ಯ. ಮಾವ ದೇವಿಂದ್ರಪ್ಪ ಮೊಮ್ಮಗಳಿಗೆ ಬೆಳ್ಳಿ ಕಡಗ ತೊಡಿಸುವವನು. ಕೈಗವಸು ತೆಗೆಯಲೇಬೇಕು.

ಆಳಂದದ ಆಸ್ಪತ್ರೆಯಲ್ಲಿ ಹೆರಿಗೆಯಾದ ದಿನ ಭಾಗ್ಯಾ ಆ ಪುಟ್ಟ ಬೆರಳುಗಳನ್ನು ಮೂರು ಸಲ ಎಣಿಸಿ ಅತ್ತಿದ್ದಳು. ನರ್ಸ್ ಗುಲಫಶಾ ತನ್ನ ಮಗನ ಹಳೆಯ ಕೈಗವಸು ಮನೆಯಿಂದ ತಂದು, “ಚಳಿ ಅದ, ಇರಲಿ” ಎಂದು ತೊಡಿಸಿ ಹೋದಳು. ಅಂದಿನಿಂದ ಭಾಗ್ಯಾ ಬಾಗಿಲು ಹಾಕಿಕೊಂಡು ತಾನೇ ಮಗುವನ್ನು ಮೀಯಿಸುತ್ತಿದ್ದಳು. ಅತ್ತೆ ಸಾಬಮ್ಮ ಬಿಸಿನೀರು ಹೊಸ್ತಿಲಲ್ಲಿಟ್ಟು ಹೋಗುತ್ತಿದ್ದಳು.

ಗಂಡ ಶಂಕರಲಿಂಗನ ಕಥೆ ಭಾಗ್ಯಾಳಿಗೆ ಗೊತ್ತಿತ್ತು. ಅವನು ಹುಟ್ಟಿದಾಗ ಎರಡೂ ಕಿರುಬೆರಳ ಪಕ್ಕ ಒಂದೊಂದು ಹೆಚ್ಚಿನ ಬೆರಳಿತ್ತಂತೆ. ತವರಾದ ಜೇವರ್ಗಿಯಲ್ಲಿ ಬಾಣಂತನಕ್ಕಿದ್ದ ಸಾಬಮ್ಮ ಕರಿ ದಾರ ಬಿಗಿದು ಕಟ್ಟಿ ಅವನ್ನು ಉದುರಿಸಿ, ಮೂರು ತಿಂಗಳ ಮೇಲೆ ಮಗುವಿನೊಡನೆ ಸರಸಂಬಾದ ಗಂಡನ ಮನೆಗೆ ಬಂದಿದ್ದಳು. ಆ ಬೆರಳುಗಳ ಕಾರಣಕ್ಕೆ ದೇವಿಂದ್ರಪ್ಪ ಎರಡು ವರ್ಷ ಹೆಂಡತಿಯ ಜೊತೆ ಮಾತಾಡಿರಲಿಲ್ಲ.

ಈ ದಿನ ಬೆಳಗ್ಗೆ ಸಾಬಮ್ಮ ಹಳೆಯ ಪೆಟ್ಟಿಗೆಯಿಂದ ಕರಿ ದಾರವೊಂದನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡದ್ದನ್ನು ಭಾಗ್ಯಾ ಕಂಡಳು. ಆ ದಾರ ಈಗೇಕೆ?

ಹತ್ತು ಗಂಟೆಗೆ ವಿಜಯಶ್ರೀ ಬಂದಳು. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗಿ. ಮನುಷ್ಯನ ದೇಹ ಮುಂದೆ ಹೇಗೆಲ್ಲ ಬದಲಾದೀತು ಎಂಬುದು ಅವಳ ಅಧ್ಯಯನ. ಊರಿನ ಮನೆಮನೆಗೂ ಹೋಗಿ ಹಲ್ಲು, ಬೆರಳು ನೋಡಿ ಬರೆದುಕೊಳ್ಳುತ್ತಿದ್ದಳು. ದೇವಿಂದ್ರಪ್ಪನ ಕೈಯನ್ನು ಬಹಳ ಹೊತ್ತು ನೋಡಿ ಬರೆದಳು.

“ಮುಂದಿನ ಮಂದಿ ಹ್ಯಾಂಗ ಇರ್ತಾರವ್ವಾ?” ದೇವಿಂದ್ರಪ್ಪ ಕೇಳಿದ.

“ಯಾರಿಗೂ ಗೊತ್ತಿಲ್ರಿ ಕಾಕಾ. ಈಗ ಎಷ್ಟೋ ಮಂದಿಗೆ ಬುದ್ಧಿಹಲ್ಲ ಬರೂದೇ ಇಲ್ಲ. ಹಂಗ ಒಂದೊಂದ ಬದಲಾಗಕೋತ ಹೋಗ್ತದ.”

“ನಮ್ಮಾಕಿಗೆ ಬಂದ ಹಲ್ಲೆಲ್ಲ ಉದುರ್ಯಾವ, ಬುದ್ಧಿ ಇನ್ನಾ ಬರಬೇಕಾಗ್ಯದ.”

“ಬುದ್ಧಿ ಇದ್ದಿದ್ರ ನಿಮ್ಮನ್ನ ಯಾಕ ಮಾಡಿಕೋತಿದ್ದೆ?” ಸಾಬಮ್ಮ ಒಲೆಯ ಮುಂದಿನಿಂದಲೇ ಅಂದಳು.

ವಿಜಯಶ್ರೀ ನಕ್ಕಳು. “ಹಲ್ಲಾಗ್ಲಿ ಕೈಯಾಗ್ಲಿ, ಅಪ್ಪಂದು ಎಲ್ಲಾ ಮಕ್ಕಳಿಗೂ ದಾಟಬೇಕಂತ ಇಲ್ರಿ ಕಾಕಾ.”

“ಅದು ನಿಮ್ಮ ಪುಸ್ತಕದಾಗ. ಈ ಮನಿ ರಕ್ತ ಇದ್ರ ಈ ಮನಿ ಕೈ ಇರ್ತದ. ಮುಗೀತು.”

ಭಾಗ್ಯಾ ಮಗುವನ್ನು ಎದೆಗೊತ್ತಿಕೊಂಡಳು. ಹಾಗಲ್ಲದ ಕೈ ಕಂಡರೆ ಮಾವ ಕೇಳುವ ಪ್ರಶ್ನೆ ಒಂದೇ. ಅದಕ್ಕೆ ಅವಳಲ್ಲಿದ್ದದ್ದು ಬರೀ ಸತ್ಯ. ಅದನ್ನು ಯಾರು ನಂಬುತ್ತಾರೆ? ಅಫಜಲಪುರದ ತವರಿನಲ್ಲಿ ತಾಯಿಯಿಲ್ಲ. ಹೊರಗೆ ಹಾಕಿದರೆ ಹೋಗಲು ಮನೆಯೂ ಇಲ್ಲ.

ದೇವಿಂದ್ರಪ್ಪ ಕಡಗ ತರಲು ಹೊರಟ. ಗಾಣಗಾಪುರಕ್ಕೆ ಜೀಪು ಓಡಿಸುವ ಶಂಕರಲಿಂಗ ಆಗ ತಾನೇ ಬಂದು ಕೂತ. ವಿಜಯಶ್ರೀ ಅವನ ಅಂಗೈಯ ಅಂಚನ್ನು ಹೆಬ್ಬೆರಳಿನಿಂದ ಸವರಿದಳು.

“ದಾರ ಕಟ್ಟಿ ಉದುರಿಸಿದ್ರ ಇಲ್ಲಿ ಸಣ್ಣ ಗಂಟು ಉಳೀತದ್ರಿ ಅಣ್ಣಾ. ನಿಮಗ ಗುರುತೇ ಇಲ್ಲ.”

“ನಮ್ಮವ್ವನ ಕೈಗುಣ,” ಎಂದು ಅವನು ನಕ್ಕ.

ಸಾಬಮ್ಮ ತಟ್ಟನೆ ಎದ್ದು ಮಜ್ಜಿಗೆ ತರಲು ಹೋದಳು. ಹುಡುಗಿ ಅವಳ ಬೆನ್ನನ್ನೇ ನೋಡಿದಳು. ಆಮೇಲೆ ಪುಸ್ತಕದಲ್ಲಿ ಅವನ ಕೈಯ ಜಾಗವನ್ನು ಖಾಲಿ ಬಿಟ್ಟು ಪೆನ್ನಿನ ಮುಚ್ಚಳ ಹಾಕಿದಳು. ಮಜ್ಜಿಗೆ ಕುಡಿದು, ಮಗುವಿನ ಕೈ ತೋರಿಸಿ ಎಂದು ಕೇಳದೆಯೇ ಹೊರಟುಹೋದಳು.

ಮಧ್ಯಾಹ್ನ ತೊಟ್ಟಿಲು ಕಟ್ಟಿದರು. ನೆರೆಯ ಹೆಂಗಸರು ಸೇರಿದರು. ದೇವಿಂದ್ರಪ್ಪ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಜೋಡಿ ಗಂಟು ಬಿಚ್ಚಿದ. ಒಂದು ಕೈಗವಸು ತೆಗೆದ. ಇನ್ನೊಂದನ್ನೂ ತೆಗೆದ.

ಐದು ಬೆರಳು. ಆ ಕೈಯಲ್ಲೂ ಐದೇ.

ಅವನು ತನ್ನ ಬಲಗೈಯನ್ನು ಮಗುವಿನ ಕೈ ಪಕ್ಕ ಹಿಡಿದ. ಅವನ ಅಪ್ಪನಿಗಿದ್ದ ಹಾಗೆ, ಅಜ್ಜನಿಗಿದ್ದ ಹಾಗೆ, ಆರು ಬೆರಳು.

“ಇದು ಯಾರ ಕೈ?” ಎಂದ, ಸೊಸೆಯ ಮುಖ ನೋಡುತ್ತ.

ಭಾಗ್ಯಾ ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದಳು. ಅಷ್ಟರಲ್ಲಿ ಸಾಬಮ್ಮ ಇಬ್ಬರ ನಡುವೆ ಬಂದು ನಿಂತಳು. ಸೊಂಟದಿಂದ ಕರಿ ದಾರ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

“ಯಾರದಂದ್ರ? ನಿಮ್ಮ ಮೊಮ್ಮಗಳದು. ಎರಡೂ ನಾನೇ ಕಟ್ಟಿ ಉದುರಿಸೀನಿ. ನಾಳೆ ಬಳಿ ಇಡಸಾಕ ಅಡ್ಡ ಬರ್ತಿದ್ದವು.”

ದೇವಿಂದ್ರಪ್ಪನ ಮುಖ ಕೆಂಪಾಯಿತು. “ಮಗನ ಕೈನೂ ಕೆಡಿಸಿದಿ, ಈಗ ಇದರದೂ ಕೆಡಿಸಿದಿ! ನನ್ನ ಕೂಡ ಮಾತಾಡಬ್ಯಾಡ ಬೇ ಇನ್ನ!”

“ಎರಡು ವರ್ಷ ಆರಾಮ ಆತು,” ಎಂದಳು ಸಾಬಮ್ಮ. ಹೆಂಗಸರು ಸೆರಗಿನೊಳಗೆ ನಕ್ಕರು.

ಅವನು ಮಗುವಿಗೆ ನೋಯದಂತೆ ಮೆಲ್ಲಗೆ ಎರಡೂ ಕಡಗ ತೊಡಿಸಿದ. ಹಣೆ ಮುಟ್ಟಿದ. ಆಮೇಲೆ ಮೊಮ್ಮಗಳನ್ನು ಸೊಸೆಯ ಕೈಗೆ ಕೊಟ್ಟು, ಹೆಂಡತಿಯತ್ತ ತಿರುಗಿಯೂ ನೋಡದೆ ಹೊರಗೆ ಹೋದ.

ಭಾಗ್ಯಾ ಮಗುವಿನ ಕಿರುಬೆರಳ ಪಕ್ಕ ಸವರಿದಳು. ಆ ದಾರ ಮಗುವಿನ ಹತ್ತಿರವೂ ಬಂದಿರಲಿಲ್ಲ. ಉದುರಿಸಲು ಅಲ್ಲಿ ಏನೂ ಇರಲೇ ಇಲ್ಲ. ಅವಳ ಕಣ್ಣು ಗಂಡನ ಕೈಯ ಕಡೆ ಹೋಯಿತು. ಗಂಟಿಲ್ಲದ, ಗುರುತಿಲ್ಲದ, ನುಣ್ಣನೆಯ ಅಂಚು.

ಸಾಬಮ್ಮ ದಾರವನ್ನು ಸುತ್ತಿ ಸೊಸೆಯ ಅಂಗೈಯಲ್ಲಿಟ್ಟು ಮುಚ್ಚಿ, ಅವಳಿಗಷ್ಟೇ ಕೇಳುವಂತೆ ಅಂದಳು: “ಜ್ವಾಕಿ ಇಟ್ಟುಕೋ ಬೇ. ಶಂಕರ ಹುಟ್ಟಿದಾಗ ತಂದಿದ್ದು, ಇನ್ನೂ ಯಾರ ಬೆರಳಿಗೂ ಕಟ್ಟಿಲ್ಲ.”