ನಸುಕಿನ ತಂಬಿಗೆ

"ರಕ್ತ ಯಾವಾಗಿಂದ ಹೋಗಾಕತ್ತೈತಿ?" ಎಂದು ಹುಬ್ಬಳ್ಳಿಯ ಡಾಕ್ಟರು ಕೇಳಿದಾಗ, ಉಡಚವ್ವ ಅವರ ಕೈಗವಸಿಗೆ ಹತ್ತಿದ್ದ ಕೆಂಪನ್ನೇ ನೋಡುತ್ತಿದ್ದಳು. ಇಪ್ಪತ್ಮೂರು ವರ್ಷದ ಅವಳು ಅದನ್ನು ಕಂಡದ್ದು ಇದೇ ಮೊದಲು.

"ಗೊತ್ತಿಲ್ರೀ. ನಾವು ಹೆಣ್ಮಕ್ಕಳು ನಸುಕಿನ್ಯಾಗ ತಂಬಿಗಿ ಹಿಡಕೊಂಡು ಬಯಲಿಗೆ ಹೋಗ್ತೇವಿ. ಬೆಳಕಾಗೂದ್ರಾಗ ಬಂದಬಿಡಬೇಕಂತ ಅವ್ವ ಕಲಿಸ್ಯಾಳ. ಆ ಕತ್ತಲದಾಗ ಏನ್ ಕಾಣಬೇಕ್ರಿ?"

ಪಕ್ಕದಲ್ಲಿದ್ದ ತಾಯಿ ಅಡಿವೆವ್ವ ಸೆರಗು ಬಾಯಿಗಿಟ್ಟುಕೊಂಡಳು. ಕರುಳಿನ ಗಡ್ಡೆ ಬಲಿತುಬಿಟ್ಟಿದೆ, ಇನ್ನು ಕೊಯ್ದರೂ ಉಪಯೋಗವಿಲ್ಲ ಎಂದು ಡಾಕ್ಟರು ಅವಳನ್ನು ಹೊರಗೆ ಕರೆದು ಹೇಳಿದರು. ಹುಡುಗಿಯ ಅಪ್ಪನೂ ಹೀಗೇ ಸೊರಗಿ ಸತ್ತಿದ್ದ. ಮೂಲವ್ಯಾಧಿಯೆಂದು ಮಜ್ಜಿಗೆ ಕುಡಿಸಿದ್ದರು. ಅಡಿವೆವ್ವ ಅದನ್ನು ಹೇಳಿದಾಗ ಡಾಕ್ಟರು, "ಉಳಿದ ಮಕ್ಕಳ ಮ್ಯಾಲೂ ನಿಗಾ ಇಡಬೇಕವ್ವಾ. ಬಯಲಿಗೆ ಹೋದಾಗ ರಕ್ತ ಬಿದ್ದೈತೇನಂತ ನೋಡಾಕ ಹೇಳು" ಎಂದರು.

ಮರುದಿನ ತಮ್ಮೂರು ತಡಸದ ಮನೆಯಲ್ಲಿ, ಕೋಳಿ ಕೂಗುತ್ತಲೇ ಕಿರಿಮಗಳು ಅನ್ನವ್ವ ತಂಬಿಗೆ ಎತ್ತಿಕೊಂಡಳು. ಅಡಿವೆವ್ವ ಅದನ್ನು ಕಸಿದುಕೊಂಡು ಬಾಗಿಲಿಗೆ ಅಡ್ಡ ಕುಳಿತಳು. ಒಳಗೆ ಕೌದಿಯಡಿ ಉಡಚವ್ವ ನರಳುತ್ತಿದ್ದಳು.

"ಬೆಳಕಾದ ಮ್ಯಾಲ ಹೋಗು."

"ಯವ್ವಾ, ಗಂಡಸರು ಓಡಾಡ್ತಾರ! ಯಾರರ ನೋಡಿದ್ರ?"

"ನೋಡ್ಲಿ," ಎಂದಳು ಅಡಿವೆವ್ವ, ತಂಬಿಗೆಯನ್ನು ಎದೆಗೆ ಅವಚಿಕೊಂಡು. "ಊರಿಗೆ ಊರ ನೋಡ್ಲಿ. ನೀ ಹೊಳ್ಳಿ ನೋಡಿ ಬಾ, ನನ ಕೂಸ."