ಚೆಂಡು ಕೇಳಿಸಿಕೊಂಡಿತು

ಗಾಲ್ಫ್ ಚೆಂಡುಗಳಿಗೆ ಬುದ್ಧಿಯೂ ಬಾಯಿಯೂ ಬಂದ ಮೇಲೆ ಆಟಗಾರರು ತೋಳಿಗಿಂತ ನಾಲಿಗೆಯನ್ನೇ ಹೆಚ್ಚು ಪಳಗಿಸುತ್ತಿದ್ದರು. ಚೆಂಗಪ್ಪನೂ ನಾಲ್ಕು ದಿನದಿಂದ ಪ್ರತಿ ಹೊಡೆತಕ್ಕೆ ಮುಂಚೆ "ಸ್ವಲ್ಪ ಮನಸ್ಸು ಮಾಡಪ್ಪ" ಎಂದು ತನ್ನ ಚೆಂಡನ್ನು ಮುದ್ದುಗರೆಯುತ್ತ ಬಂದಿದ್ದ. ಹಾಗಾಗಿ ಯಾವ ಕುಳಿಯಲ್ಲೂ ನಿಗದಿಗಿಂತ ಒಂದು ಹೊಡೆತವೂ ಹೆಚ್ಚಾಗಿರಲಿಲ್ಲ, ಅಂದರೆ ಒಂದೇ ಒಂದು ಬೋಗಿಯೂ ಬಿದ್ದಿರಲಿಲ್ಲ. ಇಡೀ ಪಂದ್ಯಾವಳಿಯನ್ನು ಹಾಗೆ ಮುಗಿಸಿದವರು ತೀರಾ ವಿರಳ.

ಕೊನೆಯ ಕುಳಿಗೆ ಮೂರು ಅಡಿ ದೂರವಿತ್ತು, ನಿಗದಿಯಲ್ಲಿ ಒಂದೇ ಹೊಡೆತ ಉಳಿದಿತ್ತು. ಚೆಂಗಪ್ಪ ಮೆಲ್ಲಗೆ ತಟ್ಟಿದ. ಚೆಂಡು ನೆಟ್ಟಗೆ ಉರುಳತೊಡಗಿದ್ದೇ ತಡ, ಬ್ಯಾಗು ಹೊತ್ತಿದ್ದ ಹೆಂಡತಿಯ ಕಡೆ ತಿರುಗಿ, "ನೋಡಿದೆಯಾ ದೇಚಮ್ಮ, ಎಲ್ಲ ನಾನೊಬ್ಬನೇ ಆಡಿದ್ದು" ಎಂದು ಮೀಸೆ ತಿರುವಿದ.

"ಮೆಲ್ಲಗೆ ಮಾತಾಡಿ, ಅದಕ್ಕೆ ಕೇಳಿಸುತ್ತೆ" ಎಂದು ದೇಚಮ್ಮ ಹಲ್ಲು ಕಚ್ಚಿದಳು.

ಚೆಂಡು ಕುಳಿಯ ಅಂಚಿನಲ್ಲಿ ಗಕ್ಕನೆ ನಿಂತಿತು. ಇನ್ನೊಮ್ಮೆ ಹೊಡೆದರೆ ಬೋಗಿಯೇ. ಚೆಂಗಪ್ಪ ಎಲ್ಲರೆದುರು ಮಂಡಿಯೂರಿದ.

"ಬಾಯಿ ತಪ್ಪಿ ಅಂದುಬಿಟ್ಟೆ, ಬಂಗಾರ. ಇನ್ನೊಂದೇ ಇಂಚು, ಹೋಗಿಬಿಡಪ್ಪ."

"ಅದನ್ನೂ ನೀವೊಬ್ಬರೇ ಆಡಿ ಸಾರ್" ಎಂದಿತು ಚೆಂಡು.