ಹತ್ತು ನಿಮಿಷದ ಯುಪಿಎಸ್

ಕರೆಂಟ್ ಹೋದಾಗಲೆಲ್ಲ ಕಂಪ್ಯೂಟರಿನೊಳಗಿದ್ದ ಅವ್ವ ತಾನು ಸತ್ತಿದ್ದನ್ನೇ ಮರೆಯುತ್ತಿದ್ದಳು. ಕರೆಂಟ್ ಬಂದ ಮೇಲೆ ಮಗಳು ಶಾಂಭವಿ ಮತ್ತೆ ಹೇಳಬೇಕಿತ್ತು. ಅವ್ವ ಮೊದಲ ಸಲದಂತೆಯೇ ಅಳುತ್ತಿದ್ದಳು.

ಇವತ್ತೂ ಎರಡಕ್ಕೆ ಕರೆಂಟ್ ತೆಗೆಯುತ್ತಾರೆಂದು ಶಾಂಭವಿ ಹುಬ್ಬಳ್ಳಿಯ ಯುಪಿಎಸ್ ಅಂಗಡಿಯಲ್ಲಿ ಚಡಪಡಿಸುತ್ತಿದ್ದಳು.

"ಕಂಪ್ಯೂಟರ್ ಒಳಗ ಮಂದಿ ಅದಾರೇನ್ರಿ, ಬರೇ ಫೈಲೇನ್ರಿ?" ಎಂದ ಅಂಗಡಿಯವನು.

"ನಮ್ಮವ್ವ."

"ನಾಲ್ಕು ತಾಸಿಂದು ನಾಳೆ ಬರತೈತ್ರಿ. ಇದು ಹತ್ತೇ ನಿಮಿಷ ತಡಿತೈತಿ. ಅಷ್ಟರಾಗ ಮಲಗಿಸಿದ್ರ ಏನೂ ಮರೆಯಂಗಿಲ್ಲ."

ಅದನ್ನೇ ಎತ್ತಿಕೊಂಡು ಓಡಿದಳು.

ಎರಡಕ್ಕೆ ಫ್ಯಾನ್ ನಿಂತಿತು. "ಮಲಕೋ ಅವ್ವಾ," ಎಂದಳು. "ಹಾಡಹಗಲ ಎಂಥಾ ನಿದ್ದಿ?" ಎಂದು ಗೊಣಗುತ್ತಲೇ ಅವ್ವ ಮಲಗಿದಳು.

ಐದಕ್ಕೆ ಕರೆಂಟ್ ಬಂದಾಗ ಶಾಂಭವಿ ಉಗುರು ಕಚ್ಚುತ್ತ ಪರದೆಯ ಮುಂದೆ ಕೂತಿದ್ದಳು. ಅವ್ವ ಕಣ್ಣು ತೆರೆದು ಮಗಳ ಮುಖ ನೋಡಿದಳು.

"ಹಂಗ್ಯಾಕ ನೋಡ್ತಿ? ಸತ್ತಾಕಿ ನಾನು. ನೀ ಹೋಗಿ ಊಟಾ ಮಾಡು."